ಚೌಡ ತಡವಾಗಿ ನಕ್ಕಿದ್ದು

ಕಳೆದ ತಿಂಗಳು ಮನೆಯ ಗೇಟು ಮುರಿದು, ಅದನ್ನು ಆಟೋದಲ್ಲಿ ಹಾಕಿಕೊಂಡು ತೀರ್ಥಹಳ್ಳಿಯ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆ ಒಂದು ಘಾಟು ಮೂಗಿಗೆ ಬಡಿಯಿತು. ನನ್ನ ವಯಸ್ಸಿನವರಿಗೆ ಆ ಘಾಟು ಗೊತ್ತು. ಟೂರಿಂಗ್ ಟಾಕೀಸಿನ ಪ್ರೊಜೆಕ್ಟರಿನೊಳಗೆ ಎರಡು ಕಾರ್ಬನ್ ಕಡ್ಡಿಗಳು ಮೂತಿಗೆ ಮೂತಿ ಕೊಟ್ಟು ಉರಿಯುವಾಗ ಬರುತ್ತಿದ್ದ ವಾಸನೆ ಬಹುಮಟ್ಟಿಗೆ ಇದೇ. ಅಂಗಡಿಯ ಮೂಲೆಯಲ್ಲಿ, ಕಿಡಿಗೆ ಬೆನ್ನು ಹಾಕಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಚಿಕ್ಕಂದಿನ ಗೆಳೆಯ ಚೌಡಪ್ಪ ಕೂತಿದ್ದ. ಅಂಗಡಿ ಅವನ ಮೊಮ್ಮಗನದು ಎಂದು ನನಗೆ ಗೊತ್ತೇ ಇರಲಿಲ್ಲ.

"ಬಂದ್ರಾ ಅಯ್ಯಾ" ಎಂದ. ಏಳಲು ಹೋದ. ನಾನು ಬೇಡವೆಂದು ಕೈ ಮಾಡಿದೆ. ಮೊಮ್ಮಗ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲೇ ಹಾಕಿದ.

ಆ ವಾಸನೆ, ಈ ಮನುಷ್ಯ, ಎರಡೂ ಒಂದೇ ಕಡೆ ಸಿಕ್ಕಿದ್ದರಲ್ಲಿ ಏನೋ ಹುನ್ನಾರ ಇದೆ ಎಂದು ನನಗೆ ಅನುಮಾನವಾಯಿತು. ನನ್ನ ಸ್ವಭಾವವೇ ಹಾಗೆ. ಹಾಲು ಉಕ್ಕಿದರೂ ಯಾರು ಉಕ್ಕಿಸಿದರು ಎಂದು ಕೇಳುವ ಮನುಷ್ಯ ಎಂದು ಹೆಂಡತಿ ಬೈಯುತ್ತಾಳೆ. ಇದು ನಮ್ಮ ಮನೆತನದ ಕಾಯಿಲೆ. ದೊಡ್ಡಪ್ಪನಿಂದ ಬಂದದ್ದು. ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅದು ನನಗೆ ಪೂರ್ತಿ ಅಂಟಿಕೊಂಡಿತು.

ಆಗ ನನಗೆ ಇಪ್ಪತ್ತೆರಡು. ಶಿವಮೊಗ್ಗದಲ್ಲಿ ಓದು ಮುಗಿಸಿದೆ ಎಂದು ಮನೆಯವರು ಹೇಳುತ್ತಿದ್ದರು. ಓದೇ ನನ್ನನ್ನು ಮುಗಿಸಿ ಕಳಿಸಿತ್ತು ಎಂಬುದು ಸತ್ಯ. ಅಪ್ಪ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ದೊಡ್ಡಪ್ಪನದು. ತೀರ್ಥಹಳ್ಳಿಯಿಂದ ಎರಡು ಮೈಲಿ ದೂರದಲ್ಲಿ ನಮ್ಮ ಊರು, ಗದ್ದೆಗಳನ್ನೆಲ್ಲ ಗೇಣಿಗೆ ಮಾಡುವ ಒಕ್ಕಲುಗಳು. ಚೌಡ ಅಂಥ ಒಂದು ಒಕ್ಕಲಿನ ಮಗ, ನನ್ನ ಓರಗೆಯವನು. ಚಿಕ್ಕಂದಿನಲ್ಲಿ ಒಟ್ಟಿಗೆ ಏಡಿ ಹಿಡಿದವರು, ಒಟ್ಟಿಗೆ ಜೇನು ಕಚ್ಚಿಸಿಕೊಂಡವರು. ಅವನಪ್ಪ ಹಾಸಿಗೆ ಹಿಡಿದ ಮೇಲೆ ಹೊಳೆಬದಿಯ ಗದ್ದೆಯನ್ನು ಅವನೇ ಮಾಡುತ್ತಿದ್ದ. ಇಬ್ಬರೇ ಇದ್ದಾಗ ನನಗೆ "ನೀನು" ಎನ್ನುತ್ತಿದ್ದ. ಮೂರನೆಯವರು ಕಂಡರೆ "ಸಣ್ಣಯ್ಯ, ನೀವು". ಇದರಲ್ಲಿ ನಮಗಿಬ್ಬರಿಗೂ ವಿಚಿತ್ರವೇನೂ ಕಂಡಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಕುರುವಳ್ಳಿಯ ಕಡೆ ಒಣಗದ್ದೆಯಲ್ಲಿ ಟೆಂಟು ಎದ್ದಿತು. ಮಳೆ ಹಿಡಿಯುವವರೆಗೆ ನಮ್ಮ ಕಡೆಗೆ ಸಿನಿಮಾ ಎಂದರೆ ಅದೇ. ಸಂಜೆಯ ಮೊದಲ ಆಟಕ್ಕೆ ಮುಂಚೆ ದೇವರ ಹಾಡಿನ ರೆಕಾರ್ಡು ಹಾಕುತ್ತಿದ್ದರು. ಆ ಹಾಡು ಕೇಳಿಸಿದ ಮೇಲೆ ಮನೆ ಬಿಟ್ಟರೆ ಪರದೆಯ ಮೇಲೆ ಹೆಸರು ಬೀಳುವುದು ತಪ್ಪಿಹೋಗುತ್ತದೆ ಎಂಬುದು ನಮ್ಮ ಲೆಕ್ಕಾಚಾರ. ಯುಗಾದಿಗೆ ಹತ್ತು ಹನ್ನೆರಡು ದಿನವಿದ್ದಾಗ ಒಂದು ತಮಾಷೆ ಚಿತ್ರ ಬಂತು. ಅದರ ಹೆಸರು ಯಾರೂ ಹೇಳುತ್ತಿರಲಿಲ್ಲ, "ಜೋಡಿ ಸಿನಿಮಾ" ಎನ್ನುತ್ತಿದ್ದರು. ನಮ್ಮಲ್ಲಿಗೆ ಬರುವ ಮುಂಚೆ ಸಾಗರ, ಹೊಸನಗರಗಳಲ್ಲಿ ಓಡಿತ್ತು. ಬಸ್ಸಿನ ಕಂಡಕ್ಟರು ಅದರ ಸುದ್ದಿಯನ್ನು ಮುಂಗಡವಾಗಿ ತಂದಿದ್ದ: ಸಾಗರದಲ್ಲಿ ಒಬ್ಬ ಮುದುಕನಿಗೆ ನಕ್ಕು ನಕ್ಕು ದವಡೆ ಬಿದ್ದುಹೋಯಿತಂತೆ, ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗಲೂ ನಗುತ್ತಲೇ ಇದ್ದನಂತೆ. ದವಡೆ ಬಿದ್ದವನು ನಗುವುದು ಹೇಗೆ ಎಂದು ನಾನು ಕೇಳಿದೆ. "ನಿಮಗೆ ಎಲ್ಲದ್ರಲ್ಲೂ ಸಂಶಯ" ಎಂದು ಕಂಡಕ್ಟರು ಸಿಟ್ಟಾದ.

ಕತೆ ಬಲು ಸರಳ. ಒಬ್ಬ ಧಣಿಯ ಮಗ, ಅವನ ಕಾರಿನ ಡ್ರೈವರು, ಇಬ್ಬರೂ ಮನೆ ಬಿಟ್ಟು ಓಡುತ್ತಾರೆ. ಬ್ರೇಕಿಲ್ಲದ ಕಾರು ಮದುವೆ ಚಪ್ಪರಕ್ಕೆ ನುಗ್ಗುತ್ತದೆ, ಮದುಮಗ ಬಾನೆಟ್ಟಿನ ಮೇಲೆ ಕೂತು ಬರುತ್ತಾನೆ. ಅಂಗಿ ಅದಲು ಬದಲು, ಪೊಲೀಸರು, ಸಗಣಿ ಗುಂಡಿ. ಇದರ ನಡುವೆ ಒಂದು ಚೇಷ್ಟೆ ಮತ್ತೆ ಮತ್ತೆ ಬರುತ್ತದೆ. ಧಣಿಯ ಮಗ ಏನಾದರೂ ಪೆದ್ದುತನ ಮಾಡಿದ ಕೂಡಲೇ ಡ್ರೈವರು ಅವನ ಕೆನ್ನೆಗೆ ಪಟಾರನೆ ಬಿಡುತ್ತಾನೆ. ಬಿಟ್ಟ ಮೇಲೆ ತಾನು ಯಾರಿಗೆ ಹೊಡೆದೆ ಎಂಬುದು ನೆನಪಾಗಿ, ಮೈ ಕುಗ್ಗಿಸಿ, ಕೈ ಮುಗಿದು, "ತಪ್ಪಾಯ್ತು ಧಣೀ" ಎನ್ನುತ್ತಾನೆ. ಇನ್ನೊಂದು ನಿಮಿಷಕ್ಕೆ ಮತ್ತೆ ಪಟಾರ್. ಹೀಗೆ ಏಳು ಸಲ.

ನಾನು, ಚೌಡ ಒಟ್ಟಿಗೇ ನಡೆದುಕೊಂಡು ಹೋದೆವು. ಟೆಂಟಿನ ಬಾಗಿಲಲ್ಲಿ ಬೇರೆಯಾದೆವು. ನಾನು ಹಿಂದೆ ಕುರ್ಚಿಗೆ, ಅವನು ಮುಂದೆ ನೆಲಕ್ಕೆ. ಅದೂ ರೂಢಿಯೇ.

ಮೊದಲ ಆರು ಏಟಿಗೆ ಟೆಂಟು ಹಾರಿಹೋಗುವಂತೆ ಎಲ್ಲರೂ ನಕ್ಕರು. ಏಳನೆಯ ಸಲ ಧಣಿಯ ಮಗ ತಾನೇ ಕೆನ್ನೆ ಒಡ್ಡಿ ನಿಲ್ಲುತ್ತಾನೆ. ಡ್ರೈವರು ಹೊಡೆಯುತ್ತಾನೆ. ನಕ್ಕರು, ನಗು ಇಳಿಯಿತು, ಸದ್ದಡಗಿತು. ಆಗ ನೆಲದ ಕಡೆಯಿಂದ ಒಂದೇ ಒಂದು ನಗು ಎದ್ದಿತು. ಬಾವಿಗೆ ಕೊಡ ಬಿದ್ದ ಹಾಗೆ ಗುಡುಗುಡು ಎಂದು ಶುರುವಾಗಿ ನಿಲ್ಲಲೇ ಇಲ್ಲ. ಅದು ಚೌಡನ ನಗು, ಸಾವಿರ ಜನರಲ್ಲಿಟ್ಟರೂ ನನಗೆ ಗೊತ್ತಾಗುತ್ತಿತ್ತು. ಅವನ ನಗುವಿಗೇ ಟೆಂಟು ಮತ್ತೊಮ್ಮೆ ನಕ್ಕಿತು. ಅಷ್ಟರಲ್ಲಿ ರೀಲು ಮುಗಿದು, ಬದಲಾಯಿಸಲು ದೀಪ ಹಾಕಿದರು. ಚೌಡ ಕಣ್ಣೊರೆಸಿಕೊಳ್ಳುತ್ತ ಹಿಂದಕ್ಕೆ ತಿರುಗಿ ಕುರ್ಚಿಗಳ ಕಡೆ ನೋಡಿದ. ನನ್ನ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ, ಗಕ್ಕನೆ ಮುಖ ತಿರುಗಿಸಿಕೊಂಡ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ.

ವಾಪಸು ಬರುವ ದಾರಿಯಲ್ಲಿ ಸುಮ್ಮನೆ ಕೇಳುವವನಂತೆ ಕೇಳಿದೆ. "ಅದ್ಯಾಕೋ ಕಡೆಗೆ ಒಬ್ಬನೇ ಹಾಗೆ ನಕ್ಕೆ?"

"ಎಂತದೋ ನೆನಪಾತು."

"ಎಂತ?"

"ಎಂತದೂ ಇಲ್ಲ, ಬಿಡು ಮಾರಾಯ."

ನನಗೆ ಹೇಳದೆ ಚೌಡ ಬಚ್ಚಿಟ್ಟ ಮೊದಲ ಮಾತು ಅದು. ಹದಿನೈದು ವರ್ಷ ಜೊತೆಗೆ ಬೆಳೆದವನು ಕತ್ತಲಲ್ಲಿ ನನ್ನ ಕೆನ್ನೆಗೆ ಹೊಡೆದು ನಗುತ್ತಿದ್ದಾನೆ ಎಂಬುದು ಆ ರಾತ್ರಿಯೇ ನನ್ನ ಮಟ್ಟಿಗೆ ತೀರ್ಮಾನವಾಯಿತು.

ಮರುದಿನ ಊಟಕ್ಕೆ ಕೂತಾಗ ಬಾಯಿ ತಡೆಯಲಿಲ್ಲ. ಸಿನಿಮಾದ ಕತೆ ಹೇಳುತ್ತ ಹೇಳುತ್ತ, "ಡ್ರೈವರು ಧಣಿಗೆ ಹೊಡೆದರೆ ನಮ್ಮ ಚೌಡನಿಗೆ ಎಷ್ಟು ಖುಷಿ ಗೊತ್ತಾ, ಎಲ್ಲ ಸುಮ್ಮನಾದ ಮೇಲೂ ಅವನೊಬ್ಬ ನಗ್ತಾನೇ ಇದ್ದ, ನನ್ನ ಕಡೆ ನೋಡ್ಕೊಂಡು" ಎಂದೆ. ದೊಡ್ಡಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

ದೊಡ್ಡಪ್ಪನಿಗೆ ಆ ವರ್ಷ ಲೋಕವೇ ಒಂದು ಪಿತೂರಿಯಾಗಿ ಕಾಣುತ್ತಿತ್ತು. ಹೊಸನಗರದ ಕಡೆ ಕೊಟ್ಟಿದ್ದ ತಂಗಿಯ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಹೋಗಿತ್ತು. ಗೇಣಿಗೆ ಮಾಡುವವರಿಗೆ ಹಕ್ಕು ಕೊಡುವ ಕಾನೂನು ಬರುತ್ತದೆ, ಬಂದೇ ಬಿಟ್ಟಿದೆ ಎಂದು ಪೇಟೆಯಲ್ಲಿ ದಿನಕ್ಕೊಂದು ಮಾತು.

"ನಗ್ತಾರೆ, ಯಾಕೆ ನಗಲ್ಲ" ಎಂದರು. "ಧೈರ್ಯ ಬಂದದೆ ಅವ್ರಿಗೆ. ಇವತ್ತು ಸಿನಿಮಾದಲ್ಲಿ ಹೊಡ್ದಿದ್ದಕ್ಕೆ ನಗ್ತಾರೆ, ನಾಳೆ ಕಚೇರೀಲಿ ಅರ್ಜಿ ಕೊಟ್ಟು ನಗ್ತಾರೆ. ಈ ಸಲ ಅವನಿಗೆ ವೀಳ್ಯ ಇಲ್ಲ."

ವೀಳ್ಯ ಎಂದರೆ ಏನೆಂದು ಹೇಳಬೇಕು. ಯುಗಾದಿಯ ದಿನ ವರ್ಷದ ಮೊದಲ ಉಳುಮೆಯ ಶಾಸ್ತ್ರ, ಹೊನ್ನಾರು. ಅದಕ್ಕೆ ಮುಂಚೆ ಒಕ್ಕಲುಗಳೆಲ್ಲ ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ದೊಡ್ಡಪ್ಪ ಒಬ್ಬೊಬ್ಬರಿಗೂ ಎರಡು ಎಲೆ, ಒಂದು ಅಡಿಕೆ ಕೊಡುತ್ತಿದ್ದರು. ಕಾಗದವಿಲ್ಲ, ಪತ್ರವಿಲ್ಲ, ಕೈಗೆ ವೀಳ್ಯ ಬಂದರೆ ಆ ವರ್ಷ ಗದ್ದೆ ಅವನದು. ಬಾರದಿದ್ದರೆ ಅವನು ಮನೆಗೆ ಹೋಗಿ ನೇಗಿಲು ಒಳಗಿಡಬೇಕು. ಚೌಡನಿಗೆ ಹಾಸಿಗೆ ಹಿಡಿದ ಅಪ್ಪ, ಮೊದಲ ಬಸಿರಿನ ಹೆಂಡತಿ. ಆ ಗದ್ದೆ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಆದರೂ ಒಳಗೊಂದು ದನಿ, ಅವನು ನಕ್ಕಿದ್ದು ನಿಜ ತಾನೇ ಎನ್ನುತ್ತಿತ್ತು. ನಿಜವೋ ಅಲ್ಲವೋ ಪತ್ತೆ ಮಾಡಲೇಬೇಕು ಎಂದು ಹೊರಟೆ.

ಒಂದು ವಾರ ಅದೇ ಸಿನಿಮಾ ನೋಡಿದೆ. ಸಿನಿಮಾ ಎಲ್ಲಿ ನೋಡಿದೆ, ಕುರ್ಚಿಯನ್ನು ಓರೆ ಮಾಡಿಕೊಂಡು ಜನರನ್ನೇ ನೋಡಿದೆ. ಡ್ರೈವರು ಸಗಣಿ ಗುಂಡಿಗೆ ಬಿದ್ದರೆ ಕುರ್ಚಿಯವರು ನಗುತ್ತಾರೆ, ನೆಲದವರು ಅಷ್ಟಾಗಿ ಇಲ್ಲ. ಸಗಣಿಯಲ್ಲಿ ಅವರಿಗೆ ಹೊಸತೇನಿದೆ? ಧಣಿಯ ಮಗ ಮೂಟೆ ಹೊರಲು ಹೋಗಿ ಮೂಟೆಯ ಅಡಿಗೇ ಬಿದ್ದರೆ ನೆಲದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಕುರ್ಚಿಯವರು ಪಂಚೆ ಸರಿ ಮಾಡಿಕೊಳ್ಳುತ್ತಾರೆ. ಕೆನ್ನೆಯೇಟಿಗೆ ಮಾತ್ರ ಇಬ್ಬರೂ ನಗುತ್ತಿದ್ದರು. ಕುರ್ಚಿಯವರು ನಗುವ ಮೊದಲು ಒಮ್ಮೆ ಅಕ್ಕಪಕ್ಕ ನೋಡಿಕೊಳ್ಳುತ್ತಿದ್ದರು, ಅಷ್ಟೇ. ಹೀಗೆ ಕಾವಲು ಕಾಯುತ್ತಿದ್ದ ನನ್ನನ್ನು ನೋಡಿ ಟೆಂಟಿನ ಮಾಲೀಕ, ತೆರಿಗೆ ಇಲಾಖೆಯವನೋ ಎಂದು ಅನುಮಾನಪಟ್ಟು ಒಂದು ದಿನ ಸೋಡಾ ಕೊಡಿಸಿದ.

ಕಡೆಗೆ ಒಂದು ಸಂಜೆ ಕಂಬಳಿ ಕೊಪ್ಪೆ ಹಾಕಿಕೊಂಡು ನೆಲದಲ್ಲೇ ಹೋಗಿ ಕೂತೆ. ಚೌಡ ಅಂದು ಬಂದಿರಲಿಲ್ಲ. ಪಕ್ಕದಲ್ಲಿ ಬೇರೆ ಊರಿನ ಒಬ್ಬ ನಡುವಯಸ್ಸಿನ ಹೆಂಗಸು, ಎಲೆಯಡಿಕೆ ಹಾಕಿಕೊಂಡು, ನಾನು ಯಾರೆಂದು ತಿಳಿಯದೆ, ಮೊಣಕೈಯಲ್ಲಿ ತಿವಿದು, "ಈಗ ಹೊಡಿತಾನ್ ನೋಡು, ಈಗ ಹೊಡಿತಾನ್ ನೋಡು" ಎನ್ನುತ್ತಿದ್ದಳು. ಏಳನೆಯ ಏಟು ಬಿತ್ತು. ಅದು ಹೇಗಾಯಿತೋ ಕಾಣೆ, ಪರದೆಯ ಮೇಲೆ ನನಗೆ ಕಂಡದ್ದು ದೊಡ್ಡಪ್ಪನ ಕೆನ್ನೆ. ನುಣ್ಣಗೆ ಕ್ಷೌರ ಮಾಡಿದ, ಒಂದು ಕಡೆ ನರಹುಲಿಯಿದ್ದ ಕೆನ್ನೆ. ನನ್ನ ಹೊಟ್ಟೆಯಿಂದ ನಗು ಕಿತ್ತುಕೊಂಡು ಬಂತು. ಬಿಕ್ಕಿ ಬಿಕ್ಕಿ ನಕ್ಕೆ. ಕಂಬಳಿ ಬಾಯಿಗೆ ತುರುಕಿಕೊಂಡೆ.

"ನಿಮ್ಮನೆ ಒಡೇರು ನೆನಪಾದ್ರನ?" ಎಂದು ಆ ಹೆಂಗಸು ಕೇಳಿದಳು.

"ಹೌದು" ಎಂದೆ.

"ನಂಗೆ ನಮ್ಮತ್ತೆ" ಎಂದಳು.

ಆಗ ನನಗೆ ಎಲ್ಲ ಬಗೆಹರಿದಂತಾಯಿತು. ಟೆಂಟಿಗೆ ಬಂದ ಪ್ರತಿಯೊಬ್ಬನೂ ತನಗೆ ಬೇಕಾದ ಕೆನ್ನೆಯನ್ನು ಮನೆಯಿಂದಲೇ ತಂದಿರುತ್ತಾನೆ. ಹೊಡೆಯುವ ಕೆಲಸ ಡ್ರೈವರನದು, ಕೈ ಮುಗಿಯುವ ಕೆಲಸವೂ ಅವನದೇ. ನೋಡುವವನಿಗೆ ಬರೀ ಸುಖ. ಚೌಡ ನಕ್ಕಿದ್ದೂ ದೊಡ್ಡಪ್ಪನ ಕೆನ್ನೆಗೇ ಇರಬೇಕು. ನಾನೇ ನಕ್ಕ ಮೇಲೆ ಅವನದೇನು ತಪ್ಪು? ಹಗುರಾಗಿ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ದೊಡ್ಡಪ್ಪನ ಹತ್ತಿರ, "ಚೌಡನ ವಿಷಯ ನಾನು ತಪ್ಪು ತಿಳ್ಕೊಂಡಿದ್ದೆ, ಅವನು ಸುಮ್ಮನೆ ನಕ್ಕಿದ್ದು" ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಹಾಗಂತ ಹೇಳು ಅಂತ ಅವನೇ ಕಳ್ಸಿದ್ನನಾ?"

"ಇಲ್ಲ, ನಾನೇ ಪತ್ತೆ ಮಾಡಿದೆ."

"ಹೆಂಗೆ ಪತ್ತೆ ಮಾಡ್ದೆ?"

ನಿಮ್ಮ ಕೆನ್ನೆ ನೆನೆಸಿಕೊಂಡು ನಾನೂ ನಕ್ಕೆ ಎಂದು ಹೇಳುವ ಗಂಡಸುತನ ನನಗಿರಲಿಲ್ಲ. ತೊದಲಿದೆ. ಅವರ ಸಂಶಯ ಈಗ ನನ್ನನ್ನೂ ಸೇರಿಸಿಕೊಂಡಿತು. "ನೀನು ಇದ್ರಲ್ಲಿ ತಲೆ ಹಾಕ್ಬೇಡ" ಎಂದು ಎದ್ದುಹೋದರು.

ಯುಗಾದಿ ಬಂತು. ಬೆಳಗಿನ ಹೊತ್ತಿಗೇ ಸೆಕೆ. ಅಂಗಳದಲ್ಲಿ ಒಕ್ಕಲುಗಳು ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತಿದ್ದರು, ಹನ್ನೊಂದು ಜನ. ಚೌಡ ಆರನೆಯವನು. ವೀಳ್ಯದ ಹರಿವಾಣ ಹಿಡಿದುಕೊಂಡು ದೊಡ್ಡಪ್ಪನ ಜೊತೆ ನಡೆಯುವ ಕೆಲಸ ನನ್ನದು. ಅಂದು ಬೇಕೆಂದೇ ಹರಿವಾಣಕ್ಕೆ ಹನ್ನೊಂದು ಜೊತೆ ಎಲೆ ಹಾಕಿದ್ದೆ. ಹಾಕುವಷ್ಟು ಧೈರ್ಯವಿತ್ತು, ಬಾಯಿ ಬಿಡುವಷ್ಟು ಇರಲಿಲ್ಲ.

ಐವರಿಗೆ ಕೊಟ್ಟಾಯಿತು. ಚೌಡ ಎರಡೂ ಕೈ ಒಡ್ಡಿದ. ದೊಡ್ಡಪ್ಪ ಅವನನ್ನು ದಾಟಿ ಏಳನೆಯವನ ಮುಂದೆ ಹೋಗಿ ನಿಂತರು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಎಲ್ಲರ ಕಣ್ಣೂ ಚೌಡನ ಮೇಲೆ. ಚೌಡ ಒಡ್ಡಿದ ಕೈಗಳನ್ನು ನೋಡಿಕೊಂಡ. ಅವನ ಮುಖದಲ್ಲಿ ರಕ್ತವಿರಲಿಲ್ಲ. ನಿಧಾನವಾಗಿ ಆ ಎರಡು ಕೈಗಳನ್ನು ಕೂಡಿಸಿ, ಮೈ ಕುಗ್ಗಿಸಿ, ಹೇಳಿದ:

"ತಪ್ಪಾಯ್ತು ಧಣೀ."

ನಮ್ಮ ಕಡೆ ಯಾರೂ ಯಾರನ್ನೂ ಧಣಿ ಎನ್ನುವುದಿಲ್ಲ. ಒಡೆಯ ಎನ್ನುತ್ತಾರೆ, ಅಯ್ಯ ಎನ್ನುತ್ತಾರೆ. ಸಾಲಿನಲ್ಲಿದ್ದ ಹನ್ನೊಂದು ಜನರೂ ಜೋಡಿ ಸಿನಿಮಾ ನೋಡಿದವರೇ. ಕೈ ಮುಗಿಯುವುದು ಬಂದಿದೆ ಎಂದರೆ ಅದಕ್ಕೆ ಮುಂಚಿನ ಏಟು ಆಗಲೇ ಬಿದ್ದಿದೆ ಎಂಬುದು ಅವರಿಗೆಲ್ಲ ಗೊತ್ತು. ಸಾಲಿನ ಕೊನೆಯಲ್ಲಿ ಯಾರೋ ಒಬ್ಬ ಮೂಗಿನಲ್ಲಿ ಪುಸಕ್ಕೆಂದ. ಪಕ್ಕದವನು ತಡೆಯಲು ಹೋಗಿ ತಾನೇ ನಕ್ಕ. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಜಗಲಿಯ ಮೇಲಿದ್ದ ಹೆಂಗಸರೂ ಸೆರಗು ಬಾಯಿಗೆ ಹಿಡಿದುಕೊಂಡರು. ಚೌಡ ಮಾತ್ರ ನಗಲಿಲ್ಲ.

"ಯಾಕ್ರೋ ನಗ್ತೀರಿ?" ಎಂದರು ಸಿನಿಮಾ ನೋಡಿರದ ದೊಡ್ಡಪ್ಪ. ಪಂಚೆ ನೋಡಿಕೊಂಡರು. ಹಿಂದೆ ತಿರುಗಿ ನೋಡಿದರು. "ಯಾಕೆ ನಗ್ತಿದಾರೆ ಇವ್ರು?" ಎಂದು ನನ್ನನ್ನು ಕೇಳಿದರು. ಜೀವನದಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ಹೆದರಿಕೆ ಕೇಳಿಸಿತು. ಬೈಗುಳಕ್ಕೆ ಬೈಗುಳ ಕೊಡಬಹುದು, ಅರ್ಜಿಗೆ ವಕೀಲನನ್ನಿಡಬಹುದು. ಕಾರಣ ತಿಳಿಯದ ನಗುವಿಗೆ ಏನು ಮಾಡುವುದು? ಆ ಗಡಿಬಿಡಿಯಲ್ಲಿ ನಾನು ಹರಿವಾಣದಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಚೌಡನ ಕೈಯಲ್ಲಿಟ್ಟೆ. ಎಲ್ಲರ ಎದುರು ಕೊಟ್ಟ ವೀಳ್ಯ ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ. ದೊಡ್ಡಪ್ಪ ಏಳನೆಯವನ ಕೈಗೆ ಎಲೆ ಕೊಟ್ಟು ಮುಂದಕ್ಕೆ ನಡೆದರು.

ಗದ್ದೆ ಚೌಡನ ಹತ್ತಿರವೇ ಉಳಿಯಿತು. ಎಪ್ಪತ್ತರ ದಶಕದಲ್ಲಿ ಕಾನೂನು ಬಂದಾಗ ಅವನ ಹೆಸರಿಗೇ ಆಯಿತು. ಚೌಡ ಚೌಡಪ್ಪನಾದ. ಕಾನೂನಿನ ಹೆದರಿಕೆಗೆ ದೊಡ್ಡಯ್ಯ ವೀಳ್ಯ ತಪ್ಪಿಸಿದಾಗ ಸಣ್ಣಯ್ಯ ಕೊಡದಿದ್ದರೆ ನಾವು ಎಲ್ಲಿರುತ್ತಿದ್ದೆವೋ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದ. ಅವರು ಹಬ್ಬಕ್ಕೆ ಬಂದು ನನ್ನ ಕಾಲು ಮುಟ್ಟುತ್ತಿದ್ದರು. ಮುಟ್ಟಿದಾಗಲೆಲ್ಲ ನನಗೆ ಅನುಮಾನ: ದೊಡ್ಡಪ್ಪನಿಗೆ ಹೇಳಿದ್ದು ನಾನೇ ಎಂದು ಇವರಿಗೆ ಗೊತ್ತಿದೆಯಾ, ಗೊತ್ತಿದ್ದೂ ಮುಟ್ಟುತ್ತಾರಾ? ಆ ಅನುಮಾನಕ್ಕೇ ಚೌಡನಿಂದ ದೂರ ದೂರ ಉಳಿದೆ. ಒಡೆಯರ ಮನೆಯವರಲ್ಲವೇ, ಹಾಗೇ ಇರುತ್ತಾರೆ ಎಂದು ಅವನು ತಿಳಿದಿರಬೇಕು. ನಾವಿಬ್ಬರೂ ಮತ್ತೆ ಒಟ್ಟಿಗೆ ಸಿನಿಮಾಕ್ಕೆ ಹೋಗಲಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಇಷ್ಟೆಲ್ಲ ನೆನೆಸಿಕೊಂಡೆ. ಮೊಮ್ಮಗ ನಮ್ಮ ಗೇಟನ್ನು ಬೆಸೆಯುತ್ತಿದ್ದ. ಆ ಘಾಟು ಧೈರ್ಯ ಕೊಟ್ಟಿತೋ ಏನೋ, ಕೇಳಿಯೇಬಿಟ್ಟೆ.

"ಚೌಡ, ಆ ಜೋಡಿ ಸಿನಿಮಾ ನೆನಪಿದ್ಯಾ? ಕಡೇ ಏಟಿಗೆ ನೀನೊಬ್ಬನೇ ನಕ್ಕಿದ್ದೆ."

"ಓಹೋ, ಮರೆಯಕ್ಕಾಗ್ತದನ."

"ದೊಡ್ಡಪ್ಪನ ಕೆನ್ನೆ ನೆನೆಸ್ಕೊಂಡೆ ಅಲ್ವಾ?"

ಅವನು ನನ್ನ ಕಡೆ ತಿರುಗಿದ. ಹಲ್ಲಿಲ್ಲದ ಬಾಯಿ ಅಗಲವಾಯಿತು.

"ದೊಡ್ಡಯ್ಯಂದಾ? ಅವ್ರ ಕೆನ್ನೆ ನೆನೆಸ್ಕಂಡ್ರೆ ಹೆದ್ರಿಕೆ ಆಗೋದು ಕಣ್ರಯ್ಯಾ, ನಗು ಎಲ್ಲಿಂದ ಬರ್ತದೆ? ನಿಮ್ದೇ ಕೆನ್ನೆ. ಹೊಡೆದ್ರೂ ಇವ್ನು ನಂಜೊತೆ ಮನೆಗೆ ಬರ್ತಾನೆ ಅಂತ ಗೊತ್ತಿತ್ತಲ್ಲ, ಅದಕ್ಕೇ ಅಷ್ಟು ನಗು ಬಂದಿದ್ದು. ಹೇಳಕ್ಕೆ ನಾಚಿಕೆ ಆತು ಅವತ್ತು."

ಅರವತ್ತು ವರ್ಷ ನಾನು ನಂಬಿಕೊಂಡು ಬಂದದ್ದು ತಲೆಕೆಳಗಾಯಿತು. ನನ್ನ ಅನುಮಾನ ಸರಿಯಾಗಿತ್ತು, ಅದರಿಂದ ನಾನು ಮಾಡಿಕೊಂಡ ಅರ್ಥ ಪೂರಾ ತಪ್ಪಾಗಿತ್ತು. ಸುಮ್ಮನಿದ್ದು ಎದ್ದು ಬರಬಹುದಿತ್ತು. ಇಷ್ಟು ಬಿಚ್ಚಿ ಹೇಳಿದವನ ಮುಂದೆ ಸುಮ್ಮನಿರಲು ಆಗಲಿಲ್ಲ.

"ನೀನು ನಕ್ಕಿದ್ದನ್ನ ದೊಡ್ಡಪ್ಪನಿಗೆ ಹೇಳಿದ್ದು ನಾನೇ ಕಣೋ. ಅದಕ್ಕೇ ಅವರು ವೀಳ್ಯ ತಪ್ಪಿಸಿದ್ದು. ಕಾನೂನಿಗೆ ಹೆದರಿ ಅಲ್ಲ."

ಚೌಡನ ಮುಖದ ಮೇಲಿನ ನಗು ಹಾಗೆಯೇ ಸ್ವಲ್ಪ ಹೊತ್ತು ಇತ್ತು, ಆಮೇಲೆ ಇಳಿಯಿತು. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡಿದ. ಮೊಮ್ಮಗ ಗೇಟು ಮಗುಚಿ ಹಾಕಿ ಇನ್ನೊಂದು ಬದಿ ಬೆಸೆಯತೊಡಗಿದ.

"ನಂಗೊತ್ತಿರ್ಲಿಲ್ಲ" ಎಂದ ಚೌಡ. ನನ್ನನ್ನು ನೋಡದೆಯೇ ಮತ್ತೊಂದು ಮಾತು ಹೇಳಿದ. "ನಾನು ಮನಸ್ಸಲ್ಲಿ ಹೊಡ್ದೆ ಅಯ್ಯಾ. ನೀನು ನಿಜವಾಗ್ಲೂ ಹೊಡ್ದಿದ್ಯಲ್ಲ."

ಅರವತ್ತು ವರ್ಷದ ಮೇಲೆ ಅವನು ನನ್ನನ್ನು ನೀನು ಎಂದಿದ್ದ. ಅದು ಹತ್ತಿರದ ನೀನೋ, ಹೊರಹಾಕಿದ ನೀನೋ ಎಂದು ನನಗೆ ಗೊತ್ತಾಗಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಗೇಟು ಆಟೋಗೆ ಏರಿಸಿದ ಮೇಲೆ ಹೊರಡುತ್ತೇನೆ ಎಂದೆ. ಅವನು ತಲೆಯೆತ್ತಲಿಲ್ಲ.